ಮಣೆಯ ಕೆಳಗಿನ ರಬ್ಬರ್

ನಾನು ಮೋಟಾರು ಸುತ್ತುವವಳು. ಅಣ್ಣಿಗೇರಿಯಲ್ಲಿ, ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಅಂಗಡಿ. ಸುಟ್ಟುಹೋದ ಪಂಪುಗಳು, ಹಿಟ್ಟಿನ ಗಿರಣಿಯ ಮೋಟಾರುಗಳು ಬರುತ್ತವೆ. ಮನೆಯವರು ಅವನ್ನು ಬಿಚ್ಚಿ, ಕರಕಲಾದ ತಂತಿಯನ್ನು ಕಿತ್ತು ಕೊಡುತ್ತಾರೆ. ಹೊಸ ತಾಮ್ರದ ತಂತಿಯನ್ನು ನಾನು ಸುತ್ತುತ್ತೇನೆ. ಸುತ್ತುವಾಗ ಎಣಿಸುತ್ತೇನೆ. ಎಷ್ಟೋ ವರ್ಷದ ರೂಢಿಯಾದ್ದರಿಂದ ಈಗ ಎಣಿಸಬೇಕೆಂದು ಮನಸ್ಸು ಮಾಡಬೇಕಾಗಿಲ್ಲ. ಮೆಟ್ಟಿಲು ಹತ್ತುವಾಗಲೂ, ರೊಟ್ಟಿ ಬಡಿಯುವಾಗಲೂ ಒಳಗೆ ಎಣಿಕೆ ನಡೆದಿರುತ್ತದೆ. ಇದನ್ನು ಮೊದಲೇ ಹೇಳಲು ಕಾರಣವಿದೆ. ಆ ದಿನ ಮಠದ ಪಡಸಾಲೆಯಲ್ಲಿ ಆದದ್ದು ಎಷ್ಟು ಹೊತ್ತು ನಡೆಯಿತು ಎಂದು ಆಮೇಲೆ ಡಾಕ್ಟರು ಕೇಳಿದಾಗ ಒಬ್ಬೊಬ್ಬರು ಒಂದೊಂದು ಹೇಳಿದರು. ನನಗೆ ಮಾತ್ರ ಖಚಿತವಾಗಿ ಗೊತ್ತು. ಏಳು ಎಣಿಕೆ.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಶಲವಡಿಯ ಆಚೆಗೆ ನನ್ನ ತವರೂರಿನಲ್ಲಿ ಇದ್ದಾನೆ. ಹರೆಯದಲ್ಲಿ ಒಂದು ನಾಟಕ ಕಂಪನಿಯಲ್ಲಿ ಗಿಟಾರ್ ಬಾರಿಸುತ್ತಿದ್ದ. ನಿಂತು ಬಾರಿಸುವ ಗಿಟಾರಲ್ಲ. ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಎಡಗೈಯಲ್ಲಿ ಉಕ್ಕಿನ ತುಂಡೊಂದನ್ನು ಹಿಡಿದು ತಂತಿಯ ಮೇಲೆ ಜಾರಿಸುತ್ತ ಬಾರಿಸುವಂಥದು. ಕಂಪನಿ ಮುಚ್ಚಿದಾಗ ಗಿಟಾರಿನ ಜೊತೆಗೆ ಅದರ ಅಂಪ್ಲಿಫಾಯರನ್ನೂ ಊರಿಗೆ ತಂದ. ಟ್ರಾನ್ಸಿಸ್ಟರು ಬರುವ ಮೊದಲಿನ, ಗಾಜಿನ ವಾಲ್ವಿನದು. ಪರದೇಶದ್ದು, ಮುಂಬಯಿಯಿಂದ ಬಂದದ್ದು ಅನ್ನುತ್ತಿದ್ದರು. ಅದರ ಹೆಸರಿನ ಪಟ್ಟಿ ನಾನು ಹುಟ್ಟುವ ಮೊದಲೇ ಎಲ್ಲೋ ಬಿದ್ದುಹೋಗಿತ್ತು.

ಊರ ಮಠದ ಭಜನಾ ಮೇಳದಲ್ಲಿ ಆಗ ಒಂದು ಹಾರ್ಮೋನಿಯಂ ಇತ್ತು. ಅದರ ತಿದಿಯನ್ನು ಇಲಿ ಕಡಿದ ಮೇಲೆ ಕಾಕಾನ ಗಿಟಾರೇ ಅದರ ಜಾಗಕ್ಕೆ ಬಂತು. ಅಂಪ್ಲಿಫಾಯರು ಹಚ್ಚಿ ವಾಲ್ವು ಕೆಂಪಗಾದ ಮೇಲೆ ಅದರಿಂದ ಸದಾ ಒಂದು ಗುಂಯ್ ಎನ್ನುವ ಸದ್ದು ಬರುತ್ತಿತ್ತು. ಬೇರೆ ಕಡೆ ಅದು ದೋಷ. ನಮ್ಮೂರಲ್ಲಿ ಅದು ಶ್ರುತಿಯಾಯಿತು. ಕಾಕಾ ಅದಕ್ಕೆ ತಂತಿ ಕೂಡಿಸುತ್ತಿದ್ದ. ಅದು ಅವನ ಪಂಚಮ. ಹಾಡುವವರು ಅದಕ್ಕೆ ದನಿ ಕೂಡಿಸುತ್ತಿದ್ದರು. ನಾನು ಹುಟ್ಟಿದಾಗಿನಿಂದ ಕೇಳಿದ ಭಜನೆಗಳೆಲ್ಲ ಆ ಒಂದು ಗುಂಯ್‌ನ ಮೇಲೆ ನಿಂತವು.

ಕಾಕಾ ಬಾರಿಸುವಾಗ ಒಂದು ನಿಯಮವಿತ್ತು. ಅವನು ಒಂದು ಮರದ ಮಣೆಯ ಮೇಲೆ, ಅದರ ಮೇಲೆ ಗೋಣಿಚೀಲ ಹಾಸಿ, ಕಾಲು ಮಡಚಿ ಕೂಡುತ್ತಿದ್ದ. ಕಾಲು ನೆಲಕ್ಕೆ ತಾಗಿಸುತ್ತಿರಲಿಲ್ಲ. ಬಾರಿಸುವಾಗ ಅವನನ್ನು ಯಾರೂ ಮುಟ್ಟುವಂತಿರಲಿಲ್ಲ. ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಅವನ ಸಮವಯಸ್ಕ, ಮೇಳದಲ್ಲಿ ತಬಲಾ ಬಾರಿಸುವ ಮಾಸ್ತರರು ಮಾತ್ರ ಪ್ರತಿ ಸಲ ಚಾಷ್ಟಿ ಮಾಡುತ್ತಿದ್ದರು: "ದೂರ ಸರೀರ್ಲೇ, ನಮ್ಮ ಗೌಡ ಮಡ್ಯಾಗ ಅದಾನ. ಇಂವನ ಮಡಿ ನೋಡಿದ್ರ ಆಚಾರ್ರೂ ನಾಚಬೇಕು." ಜನ ನಗುತ್ತಿದ್ದರು. ನಕ್ಕರೂ ದೂರ ಸರಿಯುತ್ತಿದ್ದರು. ಸಣ್ಣವಳಿದ್ದಾಗ ನಾನೂ ಸರಿದಿದ್ದೇನೆ.

ಅಪ್ಪ ಊರಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ. ಬೆಸುಗೆ ಹಾಕುವುದನ್ನು ನಾನು ಅವನ ಪಕ್ಕದಲ್ಲಿ ಕೂತು ಕಲಿತೆ. ಅಪ್ಪ ತೀರಿಕೊಂಡು ಬಹಳ ವರ್ಷಗಳಾದವು. ವಾಲ್ವಿನ ಕೆಲಸ ಅವನ ಜೊತೆಗೇ ಹೋಯಿತು ಅಂದುಕೊಂಡಿದ್ದೆ.

ಅದು ತಿರುಗಿ ಬಂದದ್ದು ಹುಬ್ಬಳ್ಳಿಯ ಒಬ್ಬ ಗಿರಾಕಿಯಿಂದ. ಕಾಲೇಜಿನಲ್ಲಿ ಪಾಠ ಹೇಳುವವರು, ಗಿಟಾರಿನ ಹುಚ್ಚಿನವರು. ಒಂದು ಟ್ರಾನ್ಸ್‌ಫಾರ್ಮರ್ ಸುತ್ತಿಸಬೇಕಾಗಿತ್ತು. ಅದರ ಎರಡು ಸುರುಳಿಗಳನ್ನು ಒಂದರ ಮೇಲೊಂದು ಪದರಪದರವಾಗಿ, ನಡುವೆ ಕಾಗದ ಹಾಕಿ ಹೆಣೆಯಬೇಕು. ಹುಬ್ಬಳ್ಳಿಯ ಅಂಗಡಿಗಳಲ್ಲಿ ಯಾರೂ ಒಪ್ಪಲಿಲ್ಲವಂತೆ. ಅವರು ಹೇಳಿದರು: ಹಳೆಯ ಕಾಲದ ಕೆಲವು ಗಿಟಾರ್ ಅಂಪ್ಲಿಫಾಯರುಗಳು ಎಷ್ಟು ಅಪರೂಪವೆಂದರೆ ಇದ್ದವರು ಅವನ್ನು ಹೊರಗೆ ತೆಗೆಯುವುದೇ ಇಲ್ಲ, ಅದಕ್ಕೇ ಅವನ್ನು ಪ್ರೀತಿಸುವವರು ಅದೇ ನಕ್ಷೆ, ಅದೇ ವಾಲ್ವು, ಅದೇ ಸುತ್ತು ಹಿಡಿದು ನಕಲು ಕಟ್ಟುತ್ತಾರೆ. ನನಗೆ ನಗು ಬಂತು. ಹದಿನೈದು ದಿನದ ಮೇಲೆ ಅವರು ಕಟ್ಟಿದ್ದನ್ನೇ ಅಂಗಡಿಗೆ ತಂದು ಬಾರಿಸಿ ತೋರಿಸಿದಾಗ ನಗು ಹೋಯಿತು. ಮೆಲ್ಲಗೆ ಬಾರಿಸಿದರೆ ದನಿ ತಿಳಿನೀರಿನ ಹಾಗಿತ್ತು. ಜೋರಾಗಿ ಬಾರಿಸಿದರೆ, ಮಾತಾಡುತ್ತಿದ್ದವರಿಗೆ ಗಂಟಲು ತುಂಬಿ ಬಂದಂತೆ ಅಂಚು ಒಡೆಯುತ್ತಿತ್ತು. ಈಗಿನ ಮಶಿನ್ನುಗಳಲ್ಲಿ ದನಿ ಒಡೆದರೆ ಕಿವಿ ಮುಚ್ಚಿಕೊಳ್ಳಬೇಕು; ಇದರಲ್ಲಿ ಹತ್ತಿರ ಸರಿದು ಕೂತೆ. ಅದು ಕಾಕಾನ ಪೆಟ್ಟಿಗೆಯ ದನಿ.

ಅವರಿಂದ ನಕ್ಷೆ ಓದುವುದನ್ನು ಕಲಿತು ನಾನೂ ಎರಡು ಕಟ್ಟಿದೆ. ಎರಡೂ ಹುಬ್ಬಳ್ಳಿ ಕಡೆಗೇ ಹೋದವು. ಮನೆಯವರು, "ಪಂಪು ಸುಟ್ಕೊಂಡಾವ್ರು ಬಾಗಿಲ್ದಾಗ ನಿಂತಾರ, ನೀ ಇಲ್ಲಿ ತಂಬೂರಿ ಮಾಡಾಕತ್ತಿ" ಅನ್ನುತ್ತಿದ್ದರು. ಅಂದರೂ, ತಗಡಿಗೆ ತೂತು ಕೊರೆಯುವಾಗ ಹಿಡಿದುಕೊಳ್ಳಲು ಬರುತ್ತಿದ್ದರು.

ಅದರ ಮರುವರ್ಷದ ಮಳೆಗಾಲದಲ್ಲಿ ಕಾಕಾನ ಪೆಟ್ಟಿಗೆ ಸುಟ್ಟಿತು. ಮಳೆಗಾಲ ಮುಗಿದ ಮೇಲೆ ಅವನು ಅದನ್ನು ಬೀಜದ ಚೀಲದಲ್ಲಿ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಅಂಗಡಿಗೆ ತಂದ.

"ಜೀವ ಹೋಗೇತಿ ನೋಡವಾ," ಅಂದ. "ವಾಸನಿ ಬಂತು, ಆಮ್ಯಾಲ ಹೊಗಿ ಬಂತು."

"ಭಜನಿ ಹೆಂಗ ನಡಸ್ಯಾರ?"

"ಮೊಬೈಲ್ನ್ಯಾಗ ಶ್ರುತಿ ಹಚ್ಕೊಂಡು ಹಾಡ್ತಾರ. ನಡಕ ಯಾರರ ಫೋನ್ ಮಾಡಿದ್ರ ಶ್ರುತಿ ನಿಂತು ಗಂಟಿ ಬಾರಸ್ತೈತಿ." ಹೇಳಿದವನು ನಗಲಿಲ್ಲ. "ನಾ ಹೋಗಿಲ್ಲ ನಾಕ ತಿಂಗಳಾತು."

ಬಿಚ್ಚಿ ನೋಡಿದೆ. ಟ್ರಾನ್ಸ್‌ಫಾರ್ಮರು ಬೂದಿ. ತಗಡು ತುಕ್ಕು ತಿಂದು ಬೆರಳು ಒತ್ತಿದಲ್ಲಿ ಉದುರುತ್ತಿತ್ತು. ಇದನ್ನು ಬದುಕಿಸಲು ಆಗುವುದಿಲ್ಲ, ಇದರ ನಕಲನ್ನೇ ಕಟ್ಟಿಕೊಡುತ್ತೇನೆ ಅಂದೆ. ಕಾಕಾ ನನ್ನ ಮುಖ ನೋಡಿ, "ನಿಮ್ಮಪ್ಪ ಇದನ್ನ ಮೂರು ಸಲ ಬಿಚ್ಚಿ ಕಟ್ಟಿದ್ದ," ಅಂದ. ಅಷ್ಟೇ.

ಒಳಗಿನ ಪ್ರತಿ ತಂತಿಯ ಜಾಡನ್ನು ಕಾಗದದ ಮೇಲೆ ಇಳಿಸಿಕೊಂಡೆ. ಸುಟ್ಟ ಸುರುಳಿಯನ್ನು ಬ್ಲೇಡಿನಿಂದ ಬಿಡಿಸುತ್ತ, ತುಂಡುತುಂಡಾಗಿ ಸುತ್ತು ಎಣಿಸಿದೆ. ತಗಡಿನ ಡಬ್ಬಿಯನ್ನು ಟ್ರಂಕು ಮಾಡುವವರು ಮಡಚಿಕೊಟ್ಟರು. ಹೊರಗಿನ ಪೆಟ್ಟಿಗೆಯನ್ನು ಬಿತ್ತುವ ಕೂರಿಗಿ ಮಾಡುವ ಬಡಿಗೇರರು ಹಳೆಯ ಸಾಗವಾನಿಯ ಬಾಗಿಲಿನಿಂದ ಮಾಡಿದರು. ಹಳೆಯದಕ್ಕೆ ಎರಡು ಪಿನ್ನಿನ ವೈರಿತ್ತು. ಇದಕ್ಕೆ ನಾನು ಮೂರು ಪಿನ್ನಿನದನ್ನು ಹಾಕಿ, ಅರ್ಥಿಂಗ್ ತಂತಿಯನ್ನು ತಗಡಿಗೆ ಗಟ್ಟಿಯಾಗಿ ಬಿಗಿದೆ. ಮಾಘದ ಹೊತ್ತಿಗೆ ಮುಗಿಯಿತು.

ಕಾಕಾ ಬಂದು ಅಂಗಡಿಯಲ್ಲಿ ಕೂತು ಬಾರಿಸಿದ. ಬಹಳ ಹೊತ್ತು ಬಾರಿಸಿದ. ಆಮೇಲೆ ಉಕ್ಕಿನ ತುಂಡನ್ನು ಕೆಳಗಿಟ್ಟ.

"ಚಲೋ ಐತಿ."

"ಅಂದ್ರ?"

"ಚಲೋ ಐತಿ ಅಂದ್ನೆಲ್ಲ. ಖರೆ, ನಾ ಬಾರ್ಸೂದು ನಿಲ್ಲಿಸಿದ್ರ ಇದೂ ಸುಮ್ಮನಾಗ್ತೈತಿ. ಅದು ಸುಮ್ಮ ಇರ್ತಿದ್ದಿಲ್ಲ."

ಗುಂಯ್ ಇರಲಿಲ್ಲ. ಹೊಸ ಸಾಮಾನು, ಬಿಗಿಯಾದ ಬೆಸುಗೆ. ಗುಂಯ್ ಎಲ್ಲಿಂದ ಬರಬೇಕು? ಅವನು ಬಸ್ಸಿಗೆ ಹೋದ ಮೇಲೆ ನಾನು ಹಳೆಯ ಡಬ್ಬಿಯನ್ನು ಮತ್ತೆ ಮುಂದಿಟ್ಟುಕೊಂಡೆ.

ಇಲ್ಲಿಂದ ಮುಂದೆ ನಾನು ಮಾಡಿದ್ದನ್ನು ಮಾಡಿದಷ್ಟೇ ಬರೆಯುತ್ತೇನೆ.

ಹಳೆಯದರಲ್ಲಿ ಒಂದು ಕಂಡೆನ್ಸರ್ ಇತ್ತು. ಕಿರುಬೆರಳಿನಷ್ಟು ಉದ್ದ, ಕಾಗದದ್ದು, ಮೇಲೆ ಮೇಣ ಬಳಿದದ್ದು. ಅದರ ಒಂದು ಕಾಲು ಕರೆಂಟು ಒಳಬರುವ ತಂತಿಗೆ, ಇನ್ನೊಂದು ಕಾಲು ತಗಡಿಗೆ. ನಾನು ನಕಲಿನಲ್ಲಿ ಅದನ್ನು ಬಿಟ್ಟಿದ್ದೆ. ಬೇಕೆಂದೇ ಬಿಟ್ಟಿದ್ದೆ. ಹುಬ್ಬಳ್ಳಿಯವರು ಕೊಟ್ಟ ನಕ್ಷೆಗಳಲ್ಲಿ ಅಂಥ ಕಂಡೆನ್ಸರಿನ ಮೇಲೆ ಕೆಂಪು ಗೀಟು ಹಾಕಿತ್ತು. ಯಾಕೆಂದು ಕೇಳಿದಾಗ ಅವರು ಸ್ಪಷ್ಟವಾಗಿ ಹೇಳಿದ್ದರು: ಅದು ಕೆಟ್ಟರೆ ಮನೆಯ ಕರೆಂಟು ನೇರವಾಗಿ ತಗಡಿಗೆ ಬರುತ್ತದೆ, ತಗಡಿನಿಂದ ಗಿಟಾರಿನ ತಂತಿಗೆ, ತಂತಿಯಿಂದ ಕೈಗೆ. ಈಗ ಯಾರೂ ಅದನ್ನು ಹಾಕುವುದಿಲ್ಲ. ಹಳೆಯದರಲ್ಲಿ ಅದನ್ನು ಕಂಡಾಗಲೇ ಕಾಕಾನ ಮಣೆ ಯಾಕೆಂದು ನನಗೆ ಹೊಳೆದಿತ್ತು.

ಇಷ್ಟು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಅಂದುಕೊಂಡದ್ದು ಹೀಗೆ: ಹಳೆಯದಕ್ಕೆ ಅರ್ಥಿಂಗ್ ಇರಲಿಲ್ಲ, ಇದಕ್ಕೆ ಇದೆ. ಏನಾದರೂ ಸೋರಿದರೆ ಭೂಮಿಗೆ ಹೋಗುತ್ತದೆ.

ಹಳೆಯ ಡಬ್ಬಿಯಿಂದ ಆ ಕಂಡೆನ್ಸರನ್ನೇ ಬಿಡಿಸಿ ತೆಗೆದು ಹೊಸದರಲ್ಲಿ ಕೂಡಿಸಿದೆ. ಹೊಸ ಕಂಡೆನ್ಸರ್ ತರಬಹುದಿತ್ತು. ತರಲಿಲ್ಲ. ದನಿ ಆ ಹಳೆಯ ತುಂಡಿನಲ್ಲೇ ಇದೆ ಎಂದು ನನ್ನ ಮನಸ್ಸು ಹೇಳಿತು. ಸ್ವಿಚ್ಚು ಹಾಕಿ ವಾಲ್ವು ಬಿಸಿಯಾಗುವ ತನಕ ಕಾದೆ. ಸಣ್ಣಗೆ, ದೂರದಿಂದ ಬಂದಂತೆ, ಗುಂಯ್ ಬಂತು. ಟೆಸ್ಟರನ್ನು ತಗಡಿಗೆ ಹಚ್ಚಿ ನೋಡಿದೆ. ಟೆಸ್ಟರು ಉರಿಯಲಿಲ್ಲ. ಅಂಗೈಯನ್ನೇ ಇಟ್ಟು ನೋಡಿದೆ. ಏನೂ ಇಲ್ಲ. ಕಾಕಾನಿಗೆ ಫೋನು ಹಚ್ಚಿ, ಫೋನನ್ನು ಸ್ಪೀಕರಿನ ಮುಂದೆ ಹಿಡಿದೆ. ಆಮೇಲೆ ಅವನು ಚಿಗವ್ವನನ್ನು, ಅಂದರೆ ತನ್ನ ಹೆಂಡತಿಯನ್ನು, ಕೂಗುವುದು ಕೇಳಿಸಿತು: "ಏ ಇವಳ, ಬಾ ಇಲ್ಲಿ, ಬಂತು ಬಂತು!"

ನಾನು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಒಂದೇ. ನಮ್ಮ ಅಂಗಡಿಯ ಅರ್ಥಿಂಗ್ ಕುಣಿ ಮನೆಯ ಬಚ್ಚಲಿನ ಹಿಂದೆ ಇದೆ. ಸ್ನಾನದ ನೀರು, ಬಟ್ಟೆ ಒಗೆದ ನೀರು ಎಲ್ಲ ಅಲ್ಲೇ ಇಂಗುತ್ತದೆ. ವರ್ಷದ ಹನ್ನೆರಡು ತಿಂಗಳೂ ಆ ನೆಲ ಒದ್ದೆ; ಸೋರಿದ ಕರೆಂಟನ್ನು ಎಳೆದುಕೊಳ್ಳುವುದು ಒದ್ದೆ ನೆಲವೇ.

ಬಸವ ಜಯಂತಿಯ ದಿನ ಬೆಳಿಗ್ಗೆ ಮಠದಲ್ಲಿ ಭಜನೆ. ನಾನು ಹಿಂದಿನ ದಿನವೇ ತವರಿಗೆ ಹೋಗಿದ್ದೆ. ನಮ್ಮ ಕಡೆಯ ಎರಿ ಹೊಲ ಬೇಸಿಗೆಯಲ್ಲಿ ಹೇಗಾಗುತ್ತದೆಂದು ನೋಡಿದವರಿಗೆ ಗೊತ್ತು. ಮಳೆಗಾಲದಲ್ಲಿ ಕಾಲು ಬಿಡದ ಮಣ್ಣು ಆಗ ಸೀಳಿ, ಬಿರುಕಿನಲ್ಲಿ ಮೊಣಕೈ ತನಕ ಕೈ ಇಳಿಯುತ್ತದೆ. ಮಠದ ಹಿತ್ತಲಲ್ಲಿ ಅರ್ಥಿಂಗಿನ ಪೈಪು ನೆಟ್ಟಿದ್ದರು. ಆ ವರ್ಷ ಮಣ್ಣು ಪೈಪಿನ ಸುತ್ತ ನಾಲ್ಕು ಬೆರಳು ಹಿಂದೆ ಸರಿದು, ಪೈಪು ಗಾಳಿಯಲ್ಲಿ ನಿಂತಂತೆ ನಿಂತಿತ್ತು. ಇದನ್ನು ನಾನು ನೋಡಿದ್ದು ಮೂರು ದಿನ ಕಳೆದ ಮೇಲೆ.

ಪಡಸಾಲೆಯ ಹಾಸುಗಲ್ಲನ್ನು ಹೆಣ್ಣುಮಕ್ಕಳು ಆಗಷ್ಟೇ ತೊಳೆದಿದ್ದರು. ಕಾಕಾ ಒಗೆದ ಧೋತರ ಉಟ್ಟು, ಬಗಲಲ್ಲಿ ಗಿಟಾರು, ಕೈಯಲ್ಲಿ ಮಣೆ ಹಿಡಿದು ಬಂದ. ನಾನು ಮಣೆಯನ್ನು ಅವನ ಕೈಯಿಂದ ತೆಗೆದುಕೊಂಡೆ.

"ಇನ್ನ ಇದು ಬ್ಯಾಡ ಕಾಕಾ. ಹಳೇ ಮಶಿನ್ನಿಗೆ ಬೇಕಿತ್ತು. ಇದಕ್ಕ ಅರ್ಥಿಂಗ್ ಐತಿ. ನೆಲದ ಮ್ಯಾಲ ಆರಾಮ ಕೂಡ. ಯಾರು ಮುಟ್ಟಿದ್ರೂ ಏನೂ ಆಗಂಗಿಲ್ಲ."

ಮಾಸ್ತರರು ತಬಲಾಕ್ಕೆ ಹಿಟ್ಟು ಹಚ್ಚುತ್ತಿದ್ದವರು ಮುಖ ಎತ್ತಿದರು. "ಹಂಗಂದ್ರ ನಲವತ್ತು ವರ್ಷದ ಮಡಿ ಇವತ್ತು ಕೆಟ್ಟಂಗಾತು!"

"ಕೆಟ್ಟಂಗಾತ್ರಿ. ಮುಟ್ಟಿ ನೋಡ್ರಿ ಬೇಕಾದ್ರ."

ಅವರು ನಿಜವಾಗಿಯೂ ಎದ್ದು ಬಂದು ಕಾಕಾನ ಬೆನ್ನು ತಟ್ಟಿದರು. ಎಲ್ಲರೂ ನಕ್ಕರು. ಕಾಕಾನೂ ನಕ್ಕ. ಮಣೆಯನ್ನು ಚಿಗವ್ವ ಕಂಬದ ಹಿಂದೆ ಇಟ್ಟಳು. ಅಂಪ್ಲಿಫಾಯರು ಇನ್ನೂ ಹಚ್ಚಿರಲಿಲ್ಲ.

ಹಚ್ಚಿದಾಗ ಗುಂಯ್ ಅಂಗಡಿಯಲ್ಲಿ ಇದ್ದದ್ದಕ್ಕಿಂತ ದಪ್ಪಗೆ ಬಂತು. ಥೇಟು ಹಳೆಯ ಪೆಟ್ಟಿಗೆಯ ಹಾಗೆ. ಅಂಗಡಿಯಲ್ಲಿ ಯಾಕೆ ಇಷ್ಟು ಇರಲಿಲ್ಲ ಎಂದು ನಾನು ಕೇಳಿಕೊಳ್ಳಬೇಕಿತ್ತು. ಭೂಮಿಗೆ ಹೋಗಬೇಕಾದದ್ದು ಹೋಗದೆ ತಗಡಿನಲ್ಲೇ ಇದೆ ಎಂದು ಆ ಸದ್ದು ಹೇಳುತ್ತಿತ್ತು. ನನಗೆ ಸಂತೋಷವಾಯಿತು. ಕಂಬಕ್ಕೆ ಒರಗಿ ಕಣ್ಣು ಮುಚ್ಚಿದೆ.

ಮೂರು ಭಜನೆ ಆದವು. ಜನ ಹೊತ್ತು ಮರೆತು ಹಾಡುತ್ತಿದ್ದರು. ನಾಲ್ಕನೆಯದರ ನಡುವೆ ಗಿಟಾರಿನ ದನಿ ಒಂದು ಸ್ವರದ ಮೇಲೆ ನಿಂತಿತು. ಸ್ವರ ಮುಂದೆ ಜಾರಲಿಲ್ಲ. ಕಾಕಾ ತಲೆ ತಗ್ಗಿಸಿದ್ದ, ಮೈ ಸಣ್ಣಗೆ ನಡುಗುತ್ತಿತ್ತು. ಮುಂದೆ ಕೂತ ಮುದುಕಿಯೊಬ್ಬಳು ಕೈ ಮುಗಿದಳು. ಅವನು ಮೈಮರೆತಿದ್ದಾನೆ ಅಂದುಕೊಂಡರು. ಮಾಸ್ತರರು ಇನ್ನೂ ಹುರುಪಿನಿಂದ ಬಾರಿಸಿದರು.

ನಾನು ಕಣ್ಣು ತೆರೆದದ್ದು ಸ್ವರ ನಿಂತದ್ದಕ್ಕಲ್ಲ. ಅದರ ಕೆಳಗಿನ ಗುಂಯ್ ಏರುತ್ತಿತ್ತು. ಸುಡುವ ಮೊದಲು ಮೋಟಾರು ಹಾಗೆ ಅರಚುತ್ತದೆ. ಒಂದು. ಅವನ ಎಡಗೈಯ ಗೆಣ್ಣುಗಳು ಬೆಳ್ಳಗಾಗಿದ್ದವು. ಉಕ್ಕಿನ ತುಂಡನ್ನು ಹಿಡಿದದ್ದಲ್ಲ, ಬಿಡಲಾಗುತ್ತಿರಲಿಲ್ಲ. ಎರಡು. ಅವನ ಬಲಗಾಲಿನ ಪಾದ ಒದ್ದೆ ಕಲ್ಲಿನ ಮೇಲಿತ್ತು. ಮೂರು. ಚಿಗವ್ವ, ಗಂಡನಿಗೆ ಏನೋ ಆಗಿದೆ ಎಂದು ಎಲ್ಲರಿಗಿಂತ ಮೊದಲು ತಿಳಿದವಳು, ಏಳುತ್ತ ಅವನ ಹೆಗಲಿಗೆ ಕೈ ಚಾಚಿದಳು.

"ಮುಟ್ಟಬ್ಯಾಡ! ಯಾರೂ ಮುಟ್ಟಬ್ಯಾಡ್ರಿ!" ಎಂದು ನಾನು ಚೀರಿದೆ. ಯಾರು ಮುಟ್ಟಿದರೂ ಏನೂ ಆಗುವುದಿಲ್ಲ ಎಂದು ಅದೇ ಬೆಳಿಗ್ಗೆ ಅದೇ ಬಾಯಿಂದ ಹೇಳಿದ್ದೆ. ಅವಳ ಕೈ ಗೇಣು ದೂರದಲ್ಲಿ ನಿಂತಿತು. ನಲವತ್ತು ವರ್ಷದ ರೂಢಿ ಅವಳನ್ನು ನಿಲ್ಲಿಸಿತು, ನನ್ನ ಮಾತಲ್ಲ. ನಾಲ್ಕು, ಐದು. ಬೋರ್ಡು ಬಾಗಿಲ ಹತ್ತಿರವಿತ್ತು. ನಡುವೆ ಕೂತಿದ್ದವರನ್ನು ತುಳಿದುಕೊಂಡು ಓಡಿದೆ. ಆರು. ವೈರು ಹಿಡಿದು ಜಗ್ಗಿದೆ. ಏಳು.

ಕಾಕಾ ಪಕ್ಕಕ್ಕೆ ಬಿದ್ದ. ತಬಲಾ ಆಮೇಲೆ ನಿಂತಿತು. ಪಿನ್ನು ಕಿತ್ತ ಮೇಲೂ ವಾಲ್ವಿನೊಳಗಿನ ಕೆಂಪು ಸ್ವಲ್ಪ ಹೊತ್ತು ಉಳಿದಿತ್ತು. ಅವನು ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ನೋಡುವ ಧೈರ್ಯವಿಲ್ಲದೆ ನಾನು ಅದನ್ನೇ ನೋಡುತ್ತ ನಿಂತೆ. ಮಾಸ್ತರರು ಅವನ ಅಂಗಾಲು ತಿಕ್ಕುತ್ತ, "ಏ ಗೌಡ, ಏಳ್ಲೇ, ಚಾಷ್ಟಿ ಸಾಕು, ಏಳ್ಲೇ" ಅನ್ನುತ್ತಿದ್ದರು. ಅವರ ದನಿ ಅಳುವಾಗುತ್ತಿತ್ತು. ಆಗ ಕಾಕಾ ಕೆಮ್ಮಿದ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೂರು ದಿನ ಇಟ್ಟುಕೊಂಡರು. ಎದೆಗೆ ಏನೂ ಆಗಿರಲಿಲ್ಲ. ಎಡಗೈಯ ಎರಡು ಬೆರಳ ತುದಿ ಸುಟ್ಟು, ಸ್ಪರ್ಶ ಹೋಗಿತ್ತು. ಬರಬಹುದು, ಬರದೆಯೂ ಇರಬಹುದು ಅಂದರು. ಬಂದವರೆಲ್ಲ ಮಠದ ವೈರಿಂಗನ್ನು ಬೈದರು, ಕರೆಂಟನ್ನು ಬೈದರು. ಯಾರೂ ನನ್ನನ್ನು ಬೈಯಲಿಲ್ಲ. ನಾನೂ ಏನೂ ಹೇಳಲಿಲ್ಲ. ಆ ಮೂರು ದಿನ ನಾನು ಸುಮ್ಮನಿದ್ದೆ ಎನ್ನುವುದನ್ನೂ ಬರೆದಿಡಬೇಕು.

ನಾಲ್ಕನೆಯ ದಿನ ಮಠಕ್ಕೆ ಹೋಗಿ ಹಿತ್ತಲ ಪೈಪು ನೋಡಿದೆ. ಆಮೇಲೆ ಪೆಟ್ಟಿಗೆ ಬಿಚ್ಚಿದೆ. ಆ ಕಂಡೆನ್ಸರಿನ ಮೇಣ ಕರಗಿ ತಗಡಿನ ಮೇಲೆ ತೊಟ್ಟಿಕ್ಕಿ ಗಟ್ಟಿಯಾಗಿತ್ತು, ಹೊಟ್ಟೆ ಸೀಳಿತ್ತು. ಅದನ್ನು ಕತ್ತರಿಸಿ ತೆಗೆದು, ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಕಾಕಾನ ಮನೆಗೆ ಹೋದೆ.

ಚಿಗವ್ವ ಕಟ್ಟೆಯ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಒಳಗೆ ಹೋದಳು. ನೀರು ತರಲು ಹೋದಳು ಅಂದುಕೊಂಡೆ. ಮಣೆ ತಂದು ನನ್ನ ಕಾಲ ಮುಂದೆ ಬೋರಲು ಎಸೆದಳು.

"ಇದನ್ನ ಯಾಕ ಬ್ಯಾಡ ಅಂದಿ?"

ನಾನು ಆ ಮಣೆಯ ಕೆಳಭಾಗವನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ನಾಲ್ಕು ಮೂಲೆಗೂ ಸೈಕಲ್ ಟ್ಯೂಬಿನ ರಬ್ಬರನ್ನು ಎರಡು ಪದರ ಮಾಡಿ ಅಂಟಿಸಿತ್ತು. ಮೊಳೆ ಹೊಡೆದಿರಲಿಲ್ಲ. ರಬ್ಬರಿನ ಮೂಲೆಗಳನ್ನು ದುಂಡಗೆ ಕತ್ತರಿಸಿತ್ತು. ಮೂಲೆ ಚೂಪಾಗಿದ್ದರೆ ಅಲ್ಲಿಂದಲೇ ಏಳುತ್ತದೆ ಎಂದು ಅಪ್ಪ ಹಾಗೆ ಕತ್ತರಿಸುತ್ತಿದ್ದ. ನನಗೂ ಹಾಗೇ ಕಲಿಸಿದ್ದ.

ಕಾಕಾ ಒಳಗೆ ಮಂಚದ ಮೇಲಿದ್ದ. ನಾನು ಗಂಟು ಬಿಚ್ಚಿ ಕಂಡೆನ್ಸರನ್ನು ಅವನ ಬಲಗೈಯಲ್ಲಿ ಇಟ್ಟೆ. ಇದು ಹಳೆಯದರಲ್ಲಿ ಇದ್ದದ್ದು, ಇದು ಅಪಾಯದ್ದು ಎಂದು ನನಗೆ ಹೇಳಿದ್ದರು, ಹೇಳಿದ ಮೇಲೂ ನಾನೇ ಹಾಕಿದೆ, ಮಠದ ಅರ್ಥಿಂಗ್ ನೋಡಲಿಲ್ಲ ಎಂದು ಒಂದೊಂದಾಗಿ ಹೇಳಿದೆ. ಅವನು ಅದನ್ನು ಹೊರಳಿಸಿ ನೋಡಿದ.

"ನಿಮ್ಮಪ್ಪಗ ಇದು ಗೊತ್ತಿತ್ತು," ಅಂದ. "ತಗೀತೀನಿ ಅಂದ. ನಾ ಬ್ಯಾಡ ಅಂದೆ, ಗುಂಯ್ ಹೋಗ್ತೈತಿ ಅಂತ. ಹಂಗಾರ ಈ ಮಣಿ ಬಿಟ್ಟು ಕೆಳಗ ಕೂಡಬ್ಯಾಡ, ಯಾರಿಗೂ ಮುಟ್ಟಗೊಡಬ್ಯಾಡ ಅಂತ ಆಣಿ ಮಾಡಿಸ್ಕೊಂಡ. ಮಂದಿಗೆ ಬಿಡಿಸಿ ಹೇಳಿದ್ರ ಹೆದರಿ ಭಜನಿಗೆ ಬರೂದಿಲ್ಲ ಅಂತ ನಾನ ಸುಮ್ಮನಾದೆ."

"ಮತ್ತ ನಾ ಮಣಿ ಕಸ್ಕೊಂಡಾಗ ಯಾಕ ಹೇಳಲಿಲ್ಲ ಕಾಕಾ?"

ಅವನು ಕಂಡೆನ್ಸರನ್ನು ಮಂಚದ ಅಂಚಿಗೆ ಇಟ್ಟ. "ಮೊದಲ್ನೇ ಭಜನಿಯಿಂದ ಕೈ ಜುಮ್ ಅನ್ನಾಕತ್ತಿತ್ತು. ನೀ ಏನೂ ಆಗಂಗಿಲ್ಲ ಅಂದಿದ್ದೆಲ್ಲ. ಅಣ್ಣಗಿಂತ ನಿನಗ ಹೆಚ್ಚಿಗಿ ತಿಳೀತೈತಿ ಅಂತ ಮಾಡಿದ್ದೆ."

ಅವನು ಅದನ್ನು ಚುಚ್ಚಿ ಹೇಳಲಿಲ್ಲ. ಚುಚ್ಚಿ ಹೇಳಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಸುಮಾರು ಮೂರು ತಿಂಗಳು ನಾನು ಬೆಸುಗೆಯ ಕಡ್ಡಿ ಮುಟ್ಟಲಿಲ್ಲ. ಪಂಪು ಸುತ್ತಿದೆ, ಅಷ್ಟೇ. ಹುಬ್ಬಳ್ಳಿಯವರು ಇನ್ನೊಂದು ಟ್ರಾನ್ಸ್‌ಫಾರ್ಮರಿಗಾಗಿ ಬಂದಾಗ ಆಗುವುದಿಲ್ಲ ಅಂದೆ. ಕಾಕಾನ ಪೆಟ್ಟಿಗೆ ಅಂಗಡಿಯ ಮೂಲೆಯಲ್ಲಿ ಚೀಲದಡಿ ಇತ್ತು. ಅದನ್ನು ಮತ್ತೆ ಅವನ ಮುಂದೆ ಇಡುವ ಹಕ್ಕು ನನಗಿದೆಯೋ ಇಲ್ಲವೋ ತಿಳಿಯಲಿಲ್ಲ.

ಅದನ್ನು ತೀರ್ಮಾನಿಸಿದವನು ಅವನೇ. ಆಷಾಢ ಮುಗಿಯುವ ಹೊತ್ತಿಗೆ ಒಂದು ದಿನ ಮಧ್ಯಾಹ್ನದ ಬಸ್ಸಿಗೆ ಬಂದ. ಉಕ್ಕಿನ ತುಂಡಿಗೆ ಚರ್ಮದ ಪಟ್ಟಿ ಹೊಲಿಸಿಕೊಂಡಿದ್ದ, ಸ್ಪರ್ಶವಿಲ್ಲದ ಬೆರಳಿನಿಂದ ಜಾರಬಾರದು ಎಂದು.

"ಶ್ರಾವಣ ಬಂತು. ನಂದು ಎಲ್ಲೈತಿ?"

"ಗುಂಯ್ ಇರಂಗಿಲ್ಲ ಕಾಕಾ. ನಾ ಅದನ್ನ ಎಂದೂ ಹಾಕಂಗಿಲ್ಲ."

"ಹಾಕಂತ ಯಾರಂದ್ರು? ಬಾಯಿ ಐತಿ, ಹಾಡಾಕ ಬರ್ತೈತಿ. ಮೊದಲ ಅದನ್ನ ಇತ್ಲಾಗ ತಾ."

ಮರುದಿನದಿಂದ ನಾನು ಮತ್ತು ಮನೆಯವರು ಕೂಡಿ ಕೆಲಸ ಮಾಡಿದೆವು. ಪೆಟ್ಟಿಗೆಯ ಪ್ರತಿ ಬೆಸುಗೆಯನ್ನೂ ನೋಡಿದೆ. ಮಠದ ಹಿತ್ತಲಲ್ಲಿ ಹೊಸ ಕುಣಿ ತೆಗೆದು, ಇದ್ದಲಿ ಉಪ್ಪು ಹಾಕಿ, ಕೈಕಾಲು ತೊಳೆಯುವ ನೀರು ಸದಾ ಅಲ್ಲಿಗೇ ಹೋಗುವಂತೆ ಕಾಲುವೆ ಮಾಡಿದೆವು. ಮಠದ ಬೋರ್ಡಿಗೆ, ಕರೆಂಟು ಎಲ್ಲಾದರೂ ಸೋರಿದರೆ ತಾನೇ ಬೀಳುವ ಸ್ವಿಚ್ಚು ಕೂಡಿಸಿದೆವು. ಅದನ್ನು ನಾನು ಹನ್ನೊಂದು ಸಲ ಬೀಳಿಸಿ ನೋಡಿದೆ.

ಶ್ರಾವಣದ ಮೊದಲ ಸೋಮವಾರ, ಇನ್ನೂ ಬೆಳಕಿರುವಾಗಲೇ ಜನ ಸೇರಿದರು. ಮಳೆ ಬಂದು ಹೋಗಿತ್ತು, ಎರಿ ಮಣ್ಣು ಕೂಡಿಕೊಂಡಿತ್ತು. ಕಾಕಾ ಮಣೆಯ ಮೇಲೆ ಕೂತ. ಮಣೆಯನ್ನು ನಾನೇ ಹಾಕಿದೆ. ಜನ ತಾವಾಗಿಯೇ ದೂರ ಕೂತರು, ಮೊದಲಿಗಿಂತ ದೂರ. ಮಾಸ್ತರರು ಚಾಷ್ಟಿ ಮಾಡಲಿಲ್ಲ. ಚಿಗವ್ವ ಬಾಗಿಲ ಹತ್ತಿರ, ಸ್ವಿಚ್ಚಿನ ಕೆಳಗೆ, ಅದನ್ನೇ ನೋಡುತ್ತ ನಿಂತಿದ್ದಳು.

ನಾನು ಚಪ್ಪಲಿ ಬಿಟ್ಟು ಬಂದಿದ್ದೆ. ಒಂದು ತಂಬಿಗೆ ನೀರನ್ನು ಕಲ್ಲಿನ ಮೇಲೆ ಸುರಿದು, ಆ ಒದ್ದೆಯಲ್ಲಿ ಬರಿಗಾಲು ಊರಿ ಕಾಕಾನ ಹಿಂದೆ ಕೂತೆ. ಸ್ವಿಚ್ಚು ಹಾಕಲು ಹೇಳಿದೆ. ವಾಲ್ವು ಕೆಂಪಗಾಯಿತು. ಅವನು ಉಕ್ಕಿನ ತುಂಡನ್ನು ತಂತಿಯ ಮೇಲೆ ಇಟ್ಟ. ನಾನು ಬಲ ಅಂಗೈಯನ್ನು ಅವನ ಬೆನ್ನ ಮೇಲೆ ಇಟ್ಟೆ.

ಯಾರೋ ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು. ಅಂಗೈಗೆ ಅವನ ಅಂಗಿಯ ಕೆಳಗಿನ ಬಿಸಿ ತಾಗಿತು, ಬೇರೇನೂ ಇಲ್ಲ.

ಪೆಟ್ಟಿಗೆ ಸುಮ್ಮನಿತ್ತು. ಹಾಡುವವರು ಎಲ್ಲಿಂದ ಹಿಡಿಯಬೇಕೆಂದು ತಿಳಿಯದೆ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಆಗ ನನ್ನ ಅಂಗೈಯ ಕೆಳಗೆ ಸಣ್ಣದೊಂದು ನಡುಕ ಶುರುವಾಯಿತು. ನಾನು ಹೆದರಿ ಕೈ ತೆಗೆಯಲಿದ್ದೆ.

"ಇಡ," ಅಂದ ಕಾಕಾ, ಅಷ್ಟೇ ಅಂದು ಮತ್ತೆ ಬಾಯಿ ಮುಚ್ಚಿದ. ನಡುಕ ಮುಂದುವರಿಯಿತು. ಅವನು ಗಂಟಲಲ್ಲಿ, ತುಟಿ ತೆರೆಯದೆ, ಆ ಹಳೆಯ ಗುಂಯ್ ಅನ್ನು ಹಿಡಿದಿದ್ದ. ಮಾಸ್ತರರು ಕಿವಿಗೊಟ್ಟು ಕೇಳಿ, ತಾವೂ ಹಿಡಿದರು. ಅವರ ಪಕ್ಕದವರು ಹಿಡಿದರು.

ಭಜನೆ ಮುಗಿಯುವ ತನಕ ನಾನು ಕೈ ತೆಗೆಯಲಿಲ್ಲ. ಒಳಗೆ ಎಣಿಕೆ ನಡೆದಿತ್ತು. ಏಳು ದಾಟಿತು, ಎಂಟು ಬಂತು, ಮುಂದಕ್ಕೆ ಹೋಯಿತು.